ನಮ್ಮ ಗುಟ್ಟು ಯಾರ ಕೈಯಲ್ಲಿ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಗಳು ದೂರ ದೂರ. ತೋಟದ ಆಚೆಗೊಂದು, ಗುಡ್ಡದ ಈಚೆಗೊಂದು. ಆದರೂ ಈ ವರ್ಷ ಯಾರಿಗೆ ಎಷ್ಟು ಮೂಟೆ ಅಡಿಕೆಯಾಯಿತು, ಸೊಸೈಟಿಯಲ್ಲಿ ಯಾರ ಸಾಲ ಎಷ್ಟು, ಯಾರ ಮಗಳಿಗೆ ಎಲ್ಲಿಂದ ಗಂಡು ಬಂದಿದೆ ಎಂಬುದು ಊರಿಗೆಲ್ಲ ಗೊತ್ತು. ಅಂಚೆ ಕಾರ್ಡಿನ ಕ್ಷೇಮ ಸಮಾಚಾರ ತಂದುಕೊಡುವವರ ಕಣ್ಣಿಗೂ ಬೀಳುತ್ತಿತ್ತು. ಟ್ರಂಕ್ ಕಾಲ್ ಮಾತು ಎಕ್ಸ್‌ಚೇಂಜಿನವರ ಕಿವಿಗೂ ಬೀಳಬಹುದಿತ್ತು. ಇಂಥಲ್ಲಿ ‘ಖಾಸಗಿತನ’ ಎಂದರೆ ಪೇಟೆಯವರ ಚಿಂತೆ ಎನಿಸುವುದು ಸಹಜ.

ಆದರೆ ಈ ಹಕ್ಕಿನ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ನೀಡಿದ್ದು ದೂರವಾಣಿ ಕದ್ದಾಲಿಕೆಯ ಆರೋಪದಿಂದ. ಅಂದು ಅದು ರಾಜಕೀಯ ಹಗರಣವಾಗಿ ಸುದ್ದಿಯಾಯಿತು. ಕದ್ದು ಕೇಳಲು ಸರ್ಕಾರಕ್ಕೆ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರಿಸಿದ್ದು 1996ರ ಡಿಸೆಂಬರ್‌ನಲ್ಲಿ. ಕದ್ದಾಲಿಕೆಗೆ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆ ಆದೇಶವನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದು ಅದು ವಿಧಿಸಿತು.

ಆದರೂ ಖಾಸಗಿತನ ಮೂಲಭೂತ ಹಕ್ಕೇ ಎಂಬುದು ಇತ್ಯರ್ಥವಾಗಿರಲಿಲ್ಲ. 1954 ಮತ್ತು 1962ರ ತೀರ್ಪುಗಳು ಅಡ್ಡ ನಿಂತಿದ್ದವು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಇನ್ನೊಂದು ತೀರ್ಪು ಆಧಾರ್ ಯೋಜನೆಯನ್ನು ಎತ್ತಿಹಿಡಿದರೂ, ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಪುಟ್ಟಸ್ವಾಮಿ 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಗೆದ್ದ ಹಕ್ಕನ್ನು ನಾವು ಬಳಸುತ್ತಿದ್ದೇವೆಯೇ? ಜೆರಾಕ್ಸ್ ಅಂಗಡಿ, ಲಾಡ್ಜ್, ಸಿಮ್ ಮಾರುವ ಅಂಗಡಿ, ಎಲ್ಲಿ ಕೇಳಿದರೂ ಆಧಾರ್ ಪ್ರತಿ ಕೊಟ್ಟು ಬರುತ್ತೇವೆ. ಏಕೆ ಎಂದು ಕೇಳುವುದಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಕಂಡಕಂಡಲ್ಲಿ ಪ್ರತಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಕೊಡಿ ಎಂದು ಎಚ್ಚರಿಸಿತು. ತಪ್ಪಾಗಿ ಅರ್ಥೈಸುವ ಸಂಭವವಿದೆ ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆದರೆ ಮಾಸ್ಕ್ಡ್ ಆಧಾರ್ ಸೌಲಭ್ಯ ಹಾಗೆಯೇ ಉಳಿಯಿತು.

‘ಮುಚ್ಚಿಡಲು ನಮ್ಮಲ್ಲೇನಿದೆ?’ ಎಂಬುದು ಸಾಮಾನ್ಯ ಮಾತು. ನೆರೆಯವರಿಗೆ ತಿಳಿದದ್ದರಿಂದ ನಷ್ಟವಾಗಲಿಲ್ಲವಲ್ಲ ಎಂಬ ಧೈರ್ಯ ಅದರ ಹಿಂದಿದೆ. ನೆರೆಯವರ ವಿಷಯ ಬೇರೆ. ನಮ್ಮ ಗುಟ್ಟು ಅವರಿಗೆ ಗೊತ್ತಿದ್ದಂತೆ ಅವರದೂ ನಮಗೆ ಗೊತ್ತು. ಆಡಬಾರದ್ದನ್ನು ಆಡಿದರೆ ಮನೆಗೇ ಹೋಗಿ ಕೇಳಬಹುದು. ಕಾಲ ಕಳೆದಂತೆ ಊರು ಮರೆಯುತ್ತದೆ ಕೂಡ. ಗಣಕಯಂತ್ರ ತಾನಾಗಿ ಮರೆಯುವುದಿಲ್ಲ. ನಮ್ಮ ಬೆರಳಚ್ಚು, ಸಂಖ್ಯೆ, ಖಾತೆಯ ವಿವರ ಇಟ್ಟುಕೊಂಡವರು ಯಾರೆಂಬುದೇ ನಮಗೆ ತಿಳಿಯದು. ಕೇಳಲು ಹೋಗಬೇಕಾದ ಬಾಗಿಲೂ ಗೊತ್ತಿಲ್ಲ.

2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯ್ದೆ ಅಂಗೀಕರಿಸಿತು. ಕಾಯ್ದೆ ಏನೇ ಹೇಳಲಿ, ಕೌಂಟರಿನ ಮುಂದೆ ನಿಂತವರು ‘ಇದು ಯಾಕೆ ಬೇಕು?’ ಎಂದು ಕೇಳದಿದ್ದರೆ ಅದು ಪುಸ್ತಕದಲ್ಲೇ ಉಳಿದೀತು. ಆ ಒಂದು ಪ್ರಶ್ನೆಗೆ ಖರ್ಚೇನೂ ಇಲ್ಲ.