ಗ್ರಿಡ್ ಭದ್ರತೆ: ಮೆಗಾವಾಟ್ ಲೆಕ್ಕವೊಂದೇ ಸಾಲದು

ವಿದ್ಯುತ್ತಿನ ಕುರಿತ ನಮ್ಮ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಮೆಗಾವಾಟ್‌ಗಳ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಎಷ್ಟು ಉತ್ಪಾದನೆ, ಎಷ್ಟು ಕೊರತೆ, ಯೂನಿಟ್‌ಗೆ ಎಷ್ಟು ದರ ಎಂಬ ಪ್ರಶ್ನೆಗಳನ್ನು ದಾಟಿ ಅದು ಮುಂದೆ ಸಾಗುವುದು ಅಪರೂಪ. ಆದರೆ 2012ರ ಜುಲೈ 30ರ ನಸುಕಿನಲ್ಲಿ ಉತ್ತರ ಭಾರತದ ಗ್ರಿಡ್ ಕುಸಿದದ್ದು, ಮರುದಿನ ಮಧ್ಯಾಹ್ನ ಉತ್ತರ, ಪೂರ್ವ ಹಾಗೂ ಈಶಾನ್ಯ ವಲಯಗಳು ಒಟ್ಟಿಗೇ ಸ್ತಬ್ಧವಾದದ್ದು ಬರೀ ವಿದ್ಯುತ್ ಕೊರತೆಯಿಂದಲ್ಲ. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶದಲ್ಲಿ ರೈಲುಗಳು ನಿಂತವು, ದೆಹಲಿ ಮೆಟ್ರೊ ಸ್ಥಗಿತಗೊಂಡಿತು, ಪೂರ್ವದ ಗಣಿಗಳಲ್ಲಿ ಕಾರ್ಮಿಕರು ನೆಲದಡಿ ಸಿಲುಕಿಕೊಂಡರು. ಆ ಕುಸಿತದ ಬುಡದಲ್ಲಿದ್ದದ್ದು ನಿಯಂತ್ರಣದ ಪ್ರಶ್ನೆ. ಅದು ಎಂಜಿನಿಯರಿಂಗ್ ತರಗತಿಯೊಳಗೇ ಉಳಿಯಬೇಕಾದ ವಿಷಯವಲ್ಲ ಎಂಬುದು ಆ ಶಾಸ್ತ್ರವನ್ನು ಬಹುಕಾಲ ಬೋಧಿಸಿದ ನನ್ನ ನಂಬಿಕೆ.

ಎಲ್ಲರೂ ಬಲ್ಲ ಉದಾಹರಣೆಯೊಂದನ್ನು ನೋಡೋಣ. ಮನೆಯ ಮಹಡಿಯ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ಸಾವಕಾಶವಾಗಿ, ನಿರಂತರವಾಗಿ ಏರಿಳಿಯುತ್ತದೆ. ಅದಕ್ಕೆ ನೀರೆತ್ತುವ ಪಂಪಿಗೆ ಮಾತ್ರ ಎರಡೇ ಸ್ಥಿತಿ: ಚಾಲೂ ಅಥವಾ ಬಂದ್. ಹೀಗೆ ನಿರಂತರ ಚಲನೆಯೂ ದಿಢೀರ್ ಬದಲಾವಣೆಯೂ ಬೆರೆತ ವ್ಯವಸ್ಥೆಯನ್ನು ಹೈಬ್ರಿಡ್ ಅಥವಾ ಮಿಶ್ರ ನಿಯಂತ್ರಣ ವ್ಯವಸ್ಥೆ ಎನ್ನುತ್ತಾರೆ. ಪಂಪು ಚಾಲೂ ಆಗುವುದಕ್ಕೂ ನಿಲ್ಲುವುದಕ್ಕೂ ಒಂದೇ ಮಟ್ಟವನ್ನು ಗೊತ್ತುಪಡಿಸಿದರೆ ಏನಾಗುತ್ತದೆ? ನೀರು ಒಂದಿಷ್ಟು ಅಲುಗಿದರೂ ಪಂಪು ಹತ್ತಿ ಆರಿ, ಆರಿ ಹತ್ತಿ, ಕೊನೆಗೆ ಮೋಟಾರು ಸುಟ್ಟುಹೋಗುತ್ತದೆ. ಆದ್ದರಿಂದಲೇ ಕೆಳಗೊಂದು, ಮೇಲೊಂದು ಎಂದು ಎರಡು ಮಟ್ಟಗಳನ್ನು ಇಡುತ್ತಾರೆ. ಫ್ರಿಜ್‌ಗೆ ಜೋಡಿಸುವ ಸ್ಟೆಬಿಲೈಸರ್ ಕರೆಂಟು ಬಂದೊಡನೆ ವಿದ್ಯುತ್ ಬಿಡದೆ ಕೆಲವು ನಿಮಿಷ ಕಾಯುವುದರಲ್ಲೂ ಇದೇ ವಿವೇಕವಿದೆ.

ಈ ಸರಳ ಸಂಗತಿಯ ಹಿಂದೆ ಒಂದು ಗಂಭೀರ ಗಣಿತ ಸತ್ಯವಿದೆ. ಬೇರೆ ಬೇರೆಯಾಗಿ ನೋಡಿದಾಗ ಪೂರ್ಣ ಸ್ಥಿರವಾಗಿರುವ ಎರಡು ವ್ಯವಸ್ಥೆಗಳ ನಡುವೆ ತಪ್ಪಾದ ಗಳಿಗೆಯಲ್ಲಿ, ತಪ್ಪಾದ ಕ್ರಮದಲ್ಲಿ ಅದಲುಬದಲು ಮಾಡುತ್ತ ಹೋದರೆ ಒಟ್ಟು ವ್ಯವಸ್ಥೆ ಅಸ್ಥಿರವಾಗಬಲ್ಲದು. ಎರಡು ಒಳ್ಳೆಯದು ಸೇರಿ ಒಂದು ಕೆಟ್ಟದ್ದಾಗಬಹುದು! 1868ರಲ್ಲಿ ಮ್ಯಾಕ್ಸ್‌ವೆಲ್ ಉಗಿಯಂತ್ರಗಳ ವೇಗ ಕಾಯುವ ಗವರ್ನರ್‌ಗಳ ಬಗ್ಗೆ ಬರೆದ ಪ್ರಬಂಧದಿಂದ ಬೆಳೆದುಬಂದ ಈ ಶಾಸ್ತ್ರ ನಿರಂತರ ಚಲನೆಯನ್ನು ಚೆನ್ನಾಗಿ ಅರಿತಿತ್ತು. ದಿಢೀರ್ ಬದಲಾವಣೆಗಳು ಬೆರೆತಾಗ ಸ್ಥಿರತೆಯನ್ನು ಸಾಧಿಸುವುದು ಹೇಗೆ ಎಂಬ ವ್ಯವಸ್ಥಿತ ಅಧ್ಯಯನ ಬಲಗೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದ ಹೊತ್ತಿಗೆ. ಪ್ರತಿಯೊಂದು ಸ್ಥಿತಿ ಸುರಕ್ಷಿತವೇ ಎಂದು ಕೇಳಿದರೆ ಸಾಲದು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ನಿಯಮ ಸುರಕ್ಷಿತವೇ ಎಂದೂ ಕೇಳಬೇಕು ಎಂಬುದೇ ಅದರ ಸಾರ.

ವಿದ್ಯುತ್ ಗ್ರಿಡ್ ಇಂಥ ಮಿಶ್ರ ವ್ಯವಸ್ಥೆಗಳಲ್ಲೇ ಅತಿ ದೊಡ್ಡದು. ನಮ್ಮಲ್ಲಿ ಅದರ ಆವರ್ತಾಂಕ, ಅಂದರೆ ಫ್ರೀಕ್ವೆನ್ಸಿ, 50 ಹರ್ಟ್ಜ್ ಇರಬೇಕು. ಉಷ್ಣ ಸ್ಥಾವರಗಳ ಟರ್ಬೈನುಗಳು ನಿಮಿಷಕ್ಕೆ 3,000 ಸುತ್ತು ತಿರುಗುವುದು ಈ ಲೆಕ್ಕಕ್ಕೇ. ಬೇಡಿಕೆ ಹೆಚ್ಚಿದರೆ ವೇಗ ತಗ್ಗುತ್ತದೆ, ಕಡಿಮೆಯಾದರೆ ವೇಗ ಏರುತ್ತದೆ. ಇದು ನಿರಂತರ ಚಲನೆ. ಇದರ ಜೊತೆಗೇ ಸಾವಿರಾರು ರಿಲೇಗಳು ಕಾವಲು ಕುಳಿತಿವೆ. ಮಿತಿ ಮೀರಿದ್ದನ್ನು ಕಂಡೊಡನೆ ಅವು ಮಾರ್ಗವನ್ನೋ ಸ್ಥಾವರವನ್ನೋ ಕಡಿದುಹಾಕುತ್ತವೆ. ಇದು ದಿಢೀರ್ ಬದಲಾವಣೆ.

2012ರ ಜುಲೈ 30ರಂದು ಮೊದಲು ಕಡಿದುಹೋದದ್ದು ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗ. ಆ ಮಾರ್ಗದಲ್ಲಿ ತಂತಿ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಇತರ ಹಲವು ಮಾರ್ಗಗಳು ಸೇವೆಯಲ್ಲಿರದ ಕಾರಣ ಅದರ ಮೇಲೆ ಅತಿಯಾದ ಹೊರೆ ಬಿದ್ದಿತ್ತು. ಹೆಚ್ಚಿದ ಪ್ರವಾಹವನ್ನೂ ತಗ್ಗಿದ ವೋಲ್ಟೇಜನ್ನೂ ಕಂಡ ರಿಲೇ ಅದನ್ನು ದೂರದ ದೋಷವೆಂದು ಭಾವಿಸಿ ಮಾರ್ಗವನ್ನು ಕಡಿಯಿತು. ಅದರ ಹೊರೆ ಇತರ ಮಾರ್ಗಗಳ ಮೇಲೆ ಬಿತ್ತು, ಅವೂ ಒಂದರ ಹಿಂದೊಂದು ಕಳಚಿಕೊಂಡವು. ಒಂದೊಂದು ರಿಲೇಯೂ ತನಗೆ ಕೊಟ್ಟ ನಿಯಮವನ್ನು ಪಾಲಿಸಿತ್ತು. ಆದರೆ ಎಲ್ಲ ನಿಯಮಗಳೂ ಸೇರಿದಾಗ ಏನಾಗುತ್ತದೆ ಎಂಬ ಹೊಣೆಯನ್ನು ಹೊತ್ತವರು ಯಾರೂ ಇರಲಿಲ್ಲ. ಆವರ್ತಾಂಕ ಕುಸಿದಾಗ ಹೊರೆಯನ್ನು ಕಡಿತಗೊಳಿಸಿ ಗ್ರಿಡ್ಡನ್ನು ಉಳಿಸಬೇಕಿದ್ದ ಇನ್ನೊಂದು ಬಗೆಯ ರಿಲೇಗಳು ಉತ್ತರ ವಲಯದಲ್ಲಿ ಸಾಕಷ್ಟು ಕೆಲಸ ಮಾಡಲಿಲ್ಲವೆಂಬುದೂ ವಿಚಾರಣೆಯಲ್ಲಿ ಹೊರಬಿತ್ತು.

ದಕ್ಷಿಣ ಭಾರತ ಅಂದು ಪಾರಾಯಿತು. ನಮ್ಮ ಗ್ರಿಡ್ ಆಗ ಉಳಿದ ದೇಶದೊಡನೆ ಏಕಕಂಪನದಲ್ಲಿ ಸೇರಿರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ಕೋಲಾರದವರೆಗೆ ಹಾಸಿದ ಏಕಮುಖ ವಿದ್ಯುತ್ ಮಾರ್ಗದಂತಹ ಕೊಂಡಿಗಳ ಮೂಲಕವಷ್ಟೇ ಅದು ಹೊರಗಿನೊಡನೆ ಸಂಬಂಧ ಹೊಂದಿತ್ತು. ಪೂರ್ವದಿಂದ ಬರುತ್ತಿದ್ದ ವಿದ್ಯುತ್ ನಿಂತು ಇಲ್ಲಿಯೂ ಆವರ್ತಾಂಕ ಇಳಿದಾಗ, ಹೊರೆ ಕಡಿತದ ರಿಲೇಗಳು ಸಕಾಲದಲ್ಲಿ ಕೆಲಸ ಮಾಡಿದವು. ಆದರೆ ಆ ಪ್ರತ್ಯೇಕತೆ ಈಗ ಇಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಗ್ರಿಡ್ಡಿಗೆ ಸೇರಿತು. ಲಾಭ ದೊಡ್ಡದು: ಎಲ್ಲಿಯ ವಿದ್ಯುತ್ ಎಲ್ಲಿಗಾದರೂ ಬರಬಹುದು. ಅಂತೆಯೇ ಎಲ್ಲಿಯ ಕಂಪನವಾದರೂ ಇಲ್ಲಿಗೆ ಬರಬಹುದು.

ಸ್ಥಿರತೆ ಮೊದಲ ಹೆಜ್ಜೆಯಷ್ಟೇ. ಬೇಡಿಕೆ ಎಷ್ಟೇ ಹೊಯ್ದಾಡಿದರೂ ಗ್ರಿಡ್ಡಿನ ಹೊರಗಾಣುವ ಫಲ, ಅಂದರೆ ಆವರ್ತಾಂಕ, ಗೊತ್ತಾದ ಗುರಿಯಲ್ಲೇ ನಿಲ್ಲಬೇಕು. ನಮ್ಮ ನಿಯಮಾವಳಿಯಂತೆ ಅದು 49.90ರಿಂದ 50.05 ಹರ್ಟ್ಜ್‌ನೊಳಗಿರಬೇಕು. ಇಂಥ ನಿಯಂತ್ರಣದ ಬಗ್ಗೆ ಫ್ರಾನ್ಸಿಸ್ ಮತ್ತು ವೊನ್‌ಹ್ಯಾಮ್ ಎಂಬ ವಿದ್ವಾಂಸರು 1976ರಲ್ಲಿ ಒಂದು ಸುಂದರ ತತ್ತ್ವವನ್ನು ಮಂಡಿಸಿದರು. ಹೊರಗಿನ ಕ್ಷೋಭೆಯನ್ನು ಪೂರ್ಣವಾಗಿ ಅಳಿಸಿಹಾಕಬೇಕಾದರೆ ಆ ಕ್ಷೋಭೆಯ ನಡೆಯ ಪ್ರತಿರೂಪ ನಿಯಂತ್ರಕದ ಒಳಗೇ ಇರಬೇಕು ಎಂಬುದು ಅದರ ತಾತ್ಪರ್ಯ. ಸರಳವಾಗಿ ಹೇಳುವುದಾದರೆ, ಎದುರಾಳಿಯ ನಡೆಯನ್ನು ಅರಿಯದವನು ಅವನನ್ನು ತಡೆಯಲಾರ.

ಈ ತಿಳಿವಳಿಕೆಯ ಬೆಲೆ 2020ರ ಏಪ್ರಿಲ್ 5ರಂದು ದೇಶಕ್ಕೇ ಕಂಡಿತು. ಕೊರೊನಾ ಕಾಲದಲ್ಲಿ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಮನೆಯ ದೀಪಗಳನ್ನು ಆರಿಸುವಂತೆ ಪ್ರಧಾನಿ ಕರೆ ನೀಡಿದ್ದರು. ಬೇಡಿಕೆ 12ರಿಂದ 14 ಸಾವಿರ ಮೆಗಾವಾಟ್‌ನಷ್ಟು ತಗ್ಗಬಹುದೆಂಬುದು ಅಧಿಕಾರಿಗಳ ಅಂದಾಜಾಗಿತ್ತು. ತಗ್ಗಿದ್ದು ಸುಮಾರು 31 ಸಾವಿರ ಮೆಗಾವಾಟ್! ಆದರೂ ಗ್ರಿಡ್ ನಿಂತಿತು. ಆವರ್ತಾಂಕ 49.70 ಮತ್ತು 50.26ರ ನಡುವೆಯೇ ಇತ್ತು. ಪರಿಮಾಣದ ಅಂದಾಜು ತಪ್ಪಿದ್ದರೂ ಹೊತ್ತು ನಿಖರವಾಗಿ ತಿಳಿದಿತ್ತು. ಬೇಗ ಏರಿಳಿಸಬಲ್ಲ ಜಲವಿದ್ಯುತ್ ಸ್ಥಾವರಗಳನ್ನು ಮುಂಚೆಯೇ ಸಜ್ಜುಗೊಳಿಸಲಾಗಿತ್ತು, ಅವುಗಳ ಉತ್ಪಾದನೆಯನ್ನು ನಿಮಿಷಗಳಲ್ಲಿ 17 ಸಾವಿರ ಮೆಗಾವಾಟ್‌ಗೂ ಹೆಚ್ಚು ಇಳಿಸಿ, ಬಳಿಕ ಮತ್ತೆ ಏರಿಸಲಾಯಿತು. ಎರಡು ದಿನಗಳ ಮುನ್ಸೂಚನೆ ಮತ್ತು ಸಿದ್ಧತೆ ದೇಶವನ್ನು ಕಾಪಾಡಿತು.

ಇಂದಿನ ಸವಾಲು ಇನ್ನೂ ಜಟಿಲ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಬರಡು ನೆಲದಲ್ಲಿ ಬಿಸಿಲು ಬೆಳೆದದ್ದು ಹೆಮ್ಮೆಯ ಸಂಗತಿಯೇ. ಆದರೆ ಉಷ್ಣ ಅಥವಾ ಜಲ ಸ್ಥಾವರದ ಭಾರವಾದ ಚಕ್ರಕ್ಕೆ ಜಡತ್ವವಿದೆ. ಗ್ರಿಡ್ ಎಡವಿದಾಗ ಅದು ಕೆಲವು ಕ್ಷಣ ತಡೆದುಕೊಂಡು ನಿಯಂತ್ರಣಕ್ಕೆ ಬಿಡುವು ಕೊಡುತ್ತದೆ. ಸೌರ ಫಲಕಕ್ಕೆ ತಿರುಗುವ ಚಕ್ರವಿಲ್ಲ. ಅದರ ಇನ್ವರ್ಟರ್ ಏನು ಮಾಡಬೇಕು, ಯಾವಾಗ ಕಳಚಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಅದರೊಳಗೆ ಬರೆದ ನಿಯಮ. ಅಂದರೆ ಸೌರ ವಿದ್ಯುತ್ ಹೆಚ್ಚಿದಂತೆಲ್ಲ ಗ್ರಿಡ್ಡಿನ ಭವಿಷ್ಯ ಉಕ್ಕಿನ ಕೈಯಿಂದ ನಿಯಮದ ಕೈಗೆ ಜಾರುತ್ತಿದೆ.

ಆ ನಿಯಮಗಳು ಹೊಂದಿಕೆಯಾಗದಿದ್ದರೆ ಏನಾದೀತೆಂಬುದಕ್ಕೆ 2025ರ ಏಪ್ರಿಲ್ 28ರ ಸ್ಪೇನ್ ಮತ್ತು ಪೋರ್ಚುಗಲ್ ಸಾಕ್ಷಿ. ಅಂದು ಮಧ್ಯಾಹ್ನ ಅಲ್ಲಿ ವೋಲ್ಟೇಜ್ ಏರತೊಡಗಿತು. ಮಿತಿ ಮೀರಿತೆಂದು ಸ್ಥಾವರಗಳು ಒಂದೊಂದಾಗಿ ಕಳಚಿಕೊಂಡವು, ಒಂದೊಂದು ಕಳಚಿದಾಗಲೂ ವೋಲ್ಟೇಜ್ ಮತ್ತಷ್ಟು ಏರಿತು. ಕ್ಷಣಗಳಲ್ಲಿ ಎರಡು ದೇಶಗಳು ಕತ್ತಲಾದವು. ಉತ್ಪಾದನೆಗೆ ಅಂದು ಕೊರತೆಯೇನೂ ಇರಲಿಲ್ಲ. ಇದನ್ನು ಸೌರ ವಿದ್ಯುತ್ತಿನ ವಿರುದ್ಧದ ವಾದವೆಂದು ತಿಳಿಯಬಾರದು. ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಹೊಣೆಯನ್ನು ಹೊಸ ಸ್ಥಾವರಗಳಿಗೂ ಹಂಚಬೇಕೆಂಬ ಪಾಠವಿದು. ಸೂಕ್ತ ಇನ್ವರ್ಟರುಗಳೂ ಬ್ಯಾಟರಿಗಳೂ ಆ ಹೊಣೆಯನ್ನು ಹೊರಬಲ್ಲವು.

ಹಾಗಾದರೆ ಆಗಬೇಕಾದದ್ದೇನು? ಹೊಸ ಸ್ಥಾವರಕ್ಕೆ ಅನುಮತಿ ಕೊಡುವಾಗ ಅದರ ಮೆಗಾವಾಟ್‌ನಷ್ಟೇ ಗಂಭೀರವಾಗಿ ಅದು ಕಳಚಿಕೊಳ್ಳುವ ನಿಯಮಗಳನ್ನೂ ಪರಿಶೀಲಿಸಬೇಕು, ಒಂಟಿಯಾಗಿ ಅಲ್ಲ, ನೆರೆಯ ಸ್ಥಾವರಗಳ ನಿಯಮಗಳೊಡನೆ ಸೇರಿಸಿ. ರಿಲೇಗಳ ತಪಾಸಣೆ ಕಡತದ ಶಾಸ್ತ್ರವಾಗದೆ, ಅದರ ಫಲಿತಾಂಶ ನಿಯಂತ್ರಣ ಆಯೋಗದ ವಿಚಾರಣೆಗಳಲ್ಲಿ ಸಾರ್ವಜನಿಕರ ಮುಂದೆ ಬರಬೇಕು. ದರ ಏರಿಕೆಯನ್ನು ಪ್ರಶ್ನಿಸುವ ಗ್ರಾಹಕ ಸಂಘಟನೆಗಳು ಇದನ್ನೂ ಪ್ರಶ್ನಿಸಬೇಕು. ಆವರ್ತಾಂಕವನ್ನು ತಾನಾಗಿ ಸರಿದೂಗಿಸುವ ಏರ್ಪಾಡು 2018ರಲ್ಲಿ ದಾದ್ರಿ ಸ್ಥಾವರದಲ್ಲಿ ಪ್ರಯೋಗವಾಗಿ ಆರಂಭವಾಯಿತು. ಅಂಥದಕ್ಕೆ ತಗಲುವ ಹಣವನ್ನು ದುಂದು ಎಂದು ಬಗೆಯಬಾರದು.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹರಿಸಿದ ನಾಡು ನಮ್ಮದು. ಅಂದು ಒಂದು ಸ್ಥಾವರ, ಒಂದು ಮಾರ್ಗ, ಒಬ್ಬ ಮುಖ್ಯ ಗ್ರಾಹಕ. ಇಂದು ಇಡೀ ದೇಶ ಒಂದೇ ಯಂತ್ರ. ಹೊಸ ಸ್ಥಾವರದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ರಿಲೇಯೊಂದರ ಮಿತಿಯನ್ನು ಸರಿಪಡಿಸಿದ ಎಂಜಿನಿಯರನ ಹೆಸರು ಯಾರಿಗೂ ತಿಳಿಯುವುದಿಲ್ಲ. ಆದರೆ ನಡುರಾತ್ರಿ ಆಸ್ಪತ್ರೆಯ ತುರ್ತು ಘಟಕದಲ್ಲಿ ದೀಪ ಉರಿಯುತ್ತಿರುವುದು ಇಬ್ಬರ ಕೆಲಸದಿಂದಲೂ ಹೌದು ಎಂಬುದನ್ನು ಯೋಜನೆ ರೂಪಿಸುವವರು ಮರೆಯಬಾರದು.