ನಾಗಪುರದ ನೆಲವೂ ಜನಜೀವನವೂ

ಒಂದು ನಾಡಿನ ಜನಜೀವನವನ್ನು ಅರಿಯಲು ಅರಸರ ವಂಶಾವಳಿಯನ್ನು ಓದಿದರೆ ಸಾಲದು. ಅಲ್ಲಿಯ ಮಣ್ಣನ್ನೂ ನೋಡಬೇಕು. ನಾಗಪುರದ ವಿಷಯದಲ್ಲಿ ಕನ್ನಡಿಗರಾದ ನಾವು ಈ ಮಾತನ್ನು ವಿಶೇಷವಾಗಿ ನೆನೆಯತಕ್ಕದ್ದು.

ವರ್ಧಾ ಜಿಲ್ಲೆಯ ದೇವಳಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ತಾಮ್ರಶಾಸನವೊಂದು ದೊರೆತಿದೆ. ಅದರ ಕಾಲ ಶಕ 862, ಎಂದರೆ ಕ್ರಿ. ಶ. 940. ಕೃಷ್ಣನು ತನ್ನ ಸಹೋದರ ಜಗತ್ತುಂಗನ ಹೆಸರಿನಲ್ಲಿ ‘ನಾಗಪುರ-ನಂದಿವರ್ಧನ’ ವಿಷಯದ ಒಂದು ಗ್ರಾಮವನ್ನು ಬ್ರಾಹ್ಮಣನೊಬ್ಬನಿಗೆ ದತ್ತಿಯಾಗಿ ಕೊಟ್ಟುದನ್ನು ಅದು ತಿಳಿಸುತ್ತದೆ. ನಂದಿವರ್ಧನವೆಂದರೆ ರಾಮಟೇಕದ ಬಳಿಯ ಇಂದಿನ ನಗರಧನ. ನಾಗಪುರವೆಂಬ ಹೆಸರು ಕಾಣುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಇದನ್ನು ಕಂಡು, ನಾಗಪುರವೂ ಒಂದು ಕಾಲಕ್ಕೆ ಕನ್ನಡನಾಡೇ ಆಗಿತ್ತೆಂದು ಹೇಳುವ ಆಸೆ ನಮಗೆ ಹುಟ್ಟುವುದು ಸಹಜ. ಆದರೆ ಆಧಾರಗಳು ಅದಕ್ಕೆ ಎಡೆಗೊಡುವುದಿಲ್ಲ. ಶಾಸನದ ಭಾಷೆ ಸಂಸ್ಕೃತ. ಕನ್ನಡನಾಡಿನ ಉತ್ತರದ ಎಲ್ಲೆ ಗೋದಾವರಿಯೆಂದು ರಾಷ್ಟ್ರಕೂಟರ ಆಸ್ಥಾನದಲ್ಲೇ ಹುಟ್ಟಿದ ‘ಕವಿರಾಜಮಾರ್ಗ’ವು ಹೇಳಿದೆ, ನಾಗಪುರವಾದರೋ ಆ ನದಿಗೆ ಬಹು ಉತ್ತರದಲ್ಲಿದೆ. ಇದೇ ಕೃಷ್ಣನ ಕನ್ನಡ ಪ್ರಶಸ್ತಿಯೊಂದು ಇನ್ನೂ ಉತ್ತರಕ್ಕೆ, ಮೈಹರಿನ ಹತ್ತಿರದ ಜೂರಾದಲ್ಲಿ ದೊರೆತಿದೆ. ಅಷ್ಟರಿಂದ ಮೈಹರು ಕನ್ನಡನಾಡಾಗುವುದಿಲ್ಲ. ಅರಸನ ದಂಡು ನಡೆದ ದೂರ ಬೇರೆ, ಜನರ ನುಡಿ ಬೇರೂರಿದ ದೂರ ಬೇರೆ.

ಹಾಗಾದರೆ ನಮಗೂ ಈ ಪ್ರಾಂತಕ್ಕೂ ಸಂಬಂಧವೇ ಇಲ್ಲವೆ? ಉಂಟು, ಅದು ಶಾಸನಕ್ಕಿಂತ ಬಹು ಹಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸವು ಹರಿದು ದಖ್ಖನಿನ ಕರಿಗಲ್ಲಿನ ಪದರಗಳಾದುವು. ಇವುಗಳ ದಕ್ಷಿಣದ ಅಂಚು ಬೆಳಗಾವಿ, ವಿಜಯಪುರ, ಕಲಬುರಗಿಗಳ ಸೀಮೆಯಲ್ಲಿದೆ. ಪೂರ್ವದ ಅಂಚು ನಾಗಪುರದ ಆಸುಪಾಸಿನಲ್ಲಿದೆ. ಈ ಕಲ್ಲು ಸವೆದು ಎರೆಮಣ್ಣಾಯಿತು. ಮಳೆಗಾಲದಲ್ಲಿ ಉಬ್ಬಿ ಕಾಲಿಗಂಟುವ, ಬೇಸಗೆಯಲ್ಲಿ ಬಾಯಿಬಿಡುವ ಈ ಮಣ್ಣು ತೇವವನ್ನು ಬಹುಕಾಲ ಹಿಡಿದಿಡುವುದರಿಂದ ಹತ್ತಿ, ಜೋಳ, ತೊಗರಿ, ಕಡಲೆಗಳು ನೀರಾವರಿಯಿಲ್ಲದೆಯೂ ಬೆಳೆಯುತ್ತವೆ. ವಿಜಯಪುರದ ರೊಟ್ಟಿಯೂ ವಿದರ್ಭದ ಭಾಕರಿಯೂ ಒಂದೇ ಮಣ್ಣಿನ ಮಕ್ಕಳು. ಇತ್ತೀಚಿನ ದಶಕಗಳಲ್ಲಿ ನಾಗಪುರದ ಸುತ್ತ ಜೋಳವು ಸೋಯಾಬೀನಿಗೆ ಬಹುಮಟ್ಟಿಗೆ ಎಡೆಬಿಟ್ಟಿದೆ. ಕಾಟೋಲ, ನರಖೇಡಗಳ ಕಡೆ ಕಿತ್ತಳೆಯ ತೋಟಗಳು ಪ್ರಸಿದ್ಧವಾಗಿವೆ.

ನಾಗಪುರದಿಂದ ಮೂಡಲಿಗೆ ನಡೆದರೆ ನೆಲವೂ ಬದುಕೂ ಬದಲಾಗುತ್ತವೆ. ವೈನಗಂಗೆಯ ಬಯಲಿನಲ್ಲಿ ಮಳೆ ಹೆಚ್ಚು. ಭಂಡಾರಾ, ಗೊಂದಿಯಾ ಸೀಮೆಯದು ಭತ್ತದ ಬೇಸಾಯ. ಅಲ್ಲಿ ಕೋಹಳಿ ಜನರು ಗೊಂಡ ಅರಸರ ಕಾಲದಲ್ಲಿ ಕಟ್ಟಿದ ಕೆರೆಗಳು ಹೇರಳವಾಗಿವೆ. ಕೆರೆಯನ್ನು ಕಟ್ಟುವುದನ್ನು ಪುಣ್ಯಕಾರ್ಯವೆಂದು ಬಗೆದ ಕನ್ನಡಿಗರಿಗೆ ಈ ದೃಶ್ಯ ಅಪರಿಚಿತವೆನಿಸದು.

ಇನ್ನು ಗೊಂಡರ ಮಾತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ನಾಗಪುರ ಪಟ್ಟಣವನ್ನು ನೆಲೆಗೊಳಿಸಿದವನು ದೇವಗಡದ ಗೊಂಡ ಅರಸ ಬಖ್ತ ಬುಲಂದ ಶಾಹ. ಗೊಂಡಿಯು ದ್ರಾವಿಡ ವರ್ಗದ ಭಾಷೆ. ನಮ್ಮ ‘ಮೂರು’, ‘ನಾಲ್ಕು’ಗಳು ಅಲ್ಲಿ ‘ಮುಂದ್’, ‘ನಾಲುಂಗ್’; ‘ಕೈ’ ಎಂಬುದು ಅಲ್ಲಿಯೂ ‘ಕೈ’ಯೇ.

ಆದುದರಿಂದ ದೇವಳಿಯ ಶಾಸನವನ್ನು ಹಕ್ಕುಪತ್ರವೆಂದು ಓದದೆ ಪರಿಚಯಪತ್ರವೆಂದು ಓದುವುದೇ ಯುಕ್ತ. ಆಳಿದ ನೆನಪು ಜನರನ್ನು ಬೇರ್ಪಡಿಸಬಲ್ಲದು. ಉತ್ತ ನೆಲದ, ಕಟ್ಟಿದ ಕೆರೆಯ, ಹಂಚಿಕೊಂಡ ನುಡಿಯ ಅರಿವು ಅವರನ್ನು ಹತ್ತಿರಕ್ಕೆ ತರುತ್ತದೆ.