ಉದ್ದರಿ ಮತ್ತು ಉದ್ಧಾರ

ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿರುವ ‘ಇಂದು ನಗದು, ನಾಳೆ ಉದ್ದರಿ’ ಎಂಬ ಹಲಗೆಯನ್ನು ನೀವೆಲ್ಲರೂ ನೋಡಿರುತ್ತೀರಿ. ಆ ನಾಳೆ ಎಂದಿಗೂ ಬಾರದು ಎಂಬುದೇ ಅದರ ಚಮತ್ಕಾರ. ‘ಉದ್ದರಿ’ ಎಂಬ ಮಾತು ಸಂಸ್ಕೃತದ ‘ಉದ್ಧಾರ’ದಿಂದ ಬಂದದ್ದು. ಆ ಶಬ್ದಕ್ಕೆ ಮೇಲಕ್ಕೆತ್ತುವುದು ಎಂಬ ಅರ್ಥವೂ ಉಂಟು, ಸಾಲ ಎಂಬ ಅರ್ಥವೂ ಉಂಟು. ಒಂದೇ ಮಾತಿನಲ್ಲಿ ಈ ಎರಡು ಅರ್ಥಗಳು ಕೂಡಿ ಬಾಳುತ್ತಿರುವುದು ಯೋಚನೆಗೆ ಎಡೆಕೊಡತಕ್ಕ ಸಂಗತಿ. ಇಂದು ಅಂಗಡಿಯವನು ಉದ್ದರಿ ಕೊಡದಿದ್ದರೂ ನಮ್ಮ ಜೇಬಿನ ಕ್ರೆಡಿಟ್ ಕಾರ್ಡು ಕೊಡುತ್ತದೆ. ಅದು ಸಂಸಾರವನ್ನು ಮೇಲಕ್ಕೆತ್ತುವುದೋ ಕೆಳಕ್ಕೆ ಎಳೆಯುವುದೋ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ನಾನು ಕನ್ನಡದ ಉಪಾಧ್ಯಾಯ. ಆದರೂ ಈ ಲೆಕ್ಕಕ್ಕೆ ಕೂಡುವುದು, ಕಳೆಯುವುದು, ನೂರಕ್ಕೆ ಇಷ್ಟು ಎನ್ನುವುದು ತಿಳಿದಿದ್ದರೆ ಸಾಕು.

ಮೊದಲು ಕಾರ್ಡಿನ ಸ್ವಭಾವವನ್ನು ನೋಡೋಣ. ಕಾರ್ಡಿನಿಂದ ಸಾಮಾನು ಕೊಂಡಾಗ ಬ್ಯಾಂಕು ನಮ್ಮ ಪರವಾಗಿ ಅಂಗಡಿಗೆ ಹಣ ಕೊಡುತ್ತದೆ. ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ. ಗಡುವಿನೊಳಗೆ ಪೂರ್ತಿ ಹಣ ಕಟ್ಟಿದವನಿಗೆ ಬಡ್ಡಿಯಿಲ್ಲ. ಕೊಂಡ ದಿನವನ್ನು ನೋಡಿಕೊಂಡು 45–50 ದಿನಗಳವರೆಗೆ ಬಿಟ್ಟಿಯಾಗಿ ಸಾಲ ಸಿಕ್ಕಿದಂತೆ. ಇಷ್ಟರಮಟ್ಟಿಗೆ ಕಾರ್ಡು ಒಳ್ಳೆಯ ಸೇವಕ. ಆದರೆ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಂಡರೆ ಅದರ ಬಣ್ಣ ಬೇರೆ. ಆಗ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ, ಕೆಲವೆಡೆ ಅದಕ್ಕಿಂತ ತುಸು ಹೆಚ್ಚು. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ತೆರಿಗೆ. ಮೇಲಾಗಿ, ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳ ಸವಲತ್ತು ಇರುವುದಿಲ್ಲ. ಕ್ರೆಡಿಟ್ ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ತೆಗೆದರಂತೂ ಶುಲ್ಕವೂ ಬೀಳುತ್ತದೆ, ತೆಗೆದ ದಿನದಿಂದಲೇ ಬಡ್ಡಿಯೂ ಓಡುತ್ತದೆ.

ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ: ಒಟ್ಟು ಬಾಕಿ ಒಂದು, ‘ಕನಿಷ್ಠ ಕಟ್ಟತಕ್ಕ ಮೊತ್ತ’ ಇನ್ನೊಂದು. ಸಂಸಾರವಂದಿಗರು ಎಡವುವುದು ಈ ಎರಡನೆಯದರಲ್ಲಿ. ಒಂದು ಉದಾಹರಣೆ ನೋಡಿ. ಬಾಕಿ 50,000 ರೂಪಾಯಿ, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ಎಂದಿಟ್ಟುಕೊಳ್ಳಿ. ಒಂದು ತಿಂಗಳ ಬಡ್ಡಿ 1,750. ಅದರ ಮೇಲಿನ ತೆರಿಗೆ 315. ಒಟ್ಟು 2,065 ರೂಪಾಯಿ. ಕನಿಷ್ಠ ಮೊತ್ತವೆಂದು 2,500 ಕಟ್ಟಿದರೆ ಅಸಲಿಗೆ ಸಲ್ಲುವುದು ಕೇವಲ 435. ಕಾರ್ಡಿನಿಂದ ಮತ್ತೇನನ್ನೂ ಕೊಳ್ಳದೆ, ತಿಂಗಳು ತಿಂಗಳೂ ತಪ್ಪದೆ 2,500 ಕಟ್ಟುತ್ತ ಹೋದರೂ ಸಾಲ ತೀರುವುದು 44ನೆಯ ತಿಂಗಳಿಗೆ. ಅಷ್ಟರಲ್ಲಿ ನಾವು ಕಟ್ಟಿರುವುದು ಸುಮಾರು 1,08,000 ರೂಪಾಯಿ. ಅದೇ ತಿಂಗಳಿಗೆ 5,000 ಕಟ್ಟಿದರೆ 14ನೆಯ ತಿಂಗಳಿಗೆ ಸಾಲ ತೀರುತ್ತದೆ. ಒಟ್ಟು ಕಟ್ಟುವುದು ಸುಮಾರು 66,000. ಕನಿಷ್ಠ ಮೊತ್ತ ಎಂಬುದು ನಮ್ಮ ಅನುಕೂಲಕ್ಕೆ ಹೇಳಿದ ಅಂಕಿಯಲ್ಲ, ಸಾಲವನ್ನು ಜೀವಂತವಾಗಿರಿಸುವ ಅಂಕಿ ಎಂಬುದು ಈಗ ಸ್ಪಷ್ಟವಾಯಿತಷ್ಟೆ.

ನಮ್ಮ ಹಿಂದಿನವರು ಈ ಅಪಾಯವನ್ನು ಅರಿಯದವರಲ್ಲ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ, ಅಂದರೆ ನೂರಕ್ಕೆ ಒಂದೂಕಾಲು, ಬಡ್ಡಿಯೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ವಿಧಿಸುತ್ತದೆ. ಒತ್ತೆಯಿಲ್ಲದ ಸಾಲಕ್ಕೆ ದರ ಹೆಚ್ಚು. ಆದರೂ ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಿ ಬೆಳೆಯಬಾರದು ಎಂಬ ಕಟ್ಟು ಅಲ್ಲಿಯೇ ಇದೆ. ‘ದಾಮ್‌ದುಪ್ಪಟ್’ ಎಂಬ ಹೆಸರಿನಲ್ಲಿ ಈ ನಿಯಮವನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಹಿಂದೂಗಳ ಸಾಲದ ವಿಷಯದಲ್ಲಿ ಮನ್ನಿಸಿದ್ದವು. ಧಾರವಾಡ, ಬೆಳಗಾವಿ, ವಿಜಾಪುರಗಳು ಅಂದು ಆ ಪ್ರಾಂತಕ್ಕೆ ಸೇರಿದ್ದವು. ಇಂದಿನ ಬ್ಯಾಂಕಿನ ಕಾರ್ಡಿಗೆ ಅಂಥ ಕಟ್ಟಿಲ್ಲ. ಮೇಲಿನ ಲೆಕ್ಕದಲ್ಲಿ 50,000ಕ್ಕೆ ಬಡ್ಡಿ ತೆರಿಗೆಗಳೇ 58,000 ಆದುದನ್ನು ಕಂಡಿರಿ. ವರ್ಷಕ್ಕೆ ನೂರಕ್ಕೆ ಮೂವತ್ತನ್ನು ಮೀರಿದ ಕಾರ್ಡಿನ ಬಡ್ಡಿ ಅನ್ಯಾಯದ ವ್ಯವಹಾರವೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. ಆ ತೀರ್ಪನ್ನು 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಆದುದರಿಂದ ಕಾವಲು ನಾವೇ ಇರಬೇಕು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಬುದ್ಧಿ ಹೇಳುವುದು ಸುಲಭ. ಹಾಸಿಗೆಯೇ ಮೋಟಾದಾಗ ಏನು ಮಾಡಬೇಕು? ದಾವಣಗೆರೆಯಂಥ ಊರಿನಲ್ಲಿ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಯಜಮಾನರಿಗೆ ತಿಂಗಳಿಗೆ 40,000 ಬರುತ್ತಿತ್ತು. ಕೆಲಸ ಕುಗ್ಗಿ ಈಗ 30,000 ಬರುತ್ತಿದೆ. ಮನೆ ಬಾಡಿಗೆ 8,000. ದಿನಸಿ, ಹಾಲು, ಗ್ಯಾಸು 10,000. ದೀಪ, ನೀರು, ಫೋನು 2,000. ಮಕ್ಕಳ ಶಾಲೆ 4,000. ಅಜ್ಜಿಯ ಔಷಧ 1,500. ಸ್ಕೂಟರಿನ ಕಂತು 3,000. ಒಟ್ಟು 28,500. ಉಳಿದದ್ದು 1,500, ಕಾರ್ಡಿನ ಕನಿಷ್ಠ ಮೊತ್ತವೇ 2,500. ಸಾವಿರ ರೂಪಾಯಿ ಸಾಲದು. ಆಗ ಮನೆಯವರು ಏನು ಮಾಡುತ್ತಾರೆ? ಸಾವಿರ ರೂಪಾಯಿಯ ದಿನಸಿಯನ್ನು ಕಾರ್ಡಿನಿಂದಲೇ ತರುತ್ತಾರೆ. ಅಸಲಿಗೆ ಸಂದದ್ದು 435, ಹೊಸದಾಗಿ ಸೇರಿದ್ದು 1,000. ತೂತಿನ ಕೊಡಕ್ಕೆ ನೀರು ಹೊತ್ತಂತಾಯಿತು.

ಈ ಮನೆಗೆ ದಾರಿಯಿಲ್ಲವೆ? ಉಂಟು. ಮೊದಲನೆಯದಾಗಿ, ಕಾರ್ಡನ್ನು ಪೆಟ್ಟಿಗೆಯೊಳಗೆ ಇಡಬೇಕು. ಸಾಲ ತೀರುವವರೆಗೆ ಹೊರಗೆ ತೆಗೆಯಕೂಡದು. ಎರಡನೆಯದಾಗಿ, ಇರುವ ಸಾಲಗಳನ್ನೆಲ್ಲ ಒಂದು ಹಾಳೆಯ ಮೇಲೆ ಬಡ್ಡಿಯ ದರದ ಕ್ರಮದಲ್ಲಿ ಬರೆಯಬೇಕು. ಮೊತ್ತದ ಕ್ರಮದಲ್ಲಿ ಅಲ್ಲ. ಎಲ್ಲ ಸಾಲಗಳ ಕಂತನ್ನೂ ಕಟ್ಟಿ, ಮಿಕ್ಕ ಪುಡಿಗಾಸು ಎಷ್ಟಿದ್ದರೂ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಬೇಕು. ಮೂರನೆಯದೇ ಮುಖ್ಯವಾದುದು: ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸಿಕೊಳ್ಳಬೇಕು. ಅದೇ 50,000ವನ್ನು ವರ್ಷಕ್ಕೆ ನೂರಕ್ಕೆ 14ರ ಬಡ್ಡಿಯಲ್ಲಿ ಎರಡು ವರ್ಷದ ಕಂತಿನ ಸಾಲವಾಗಿ ತೆಗೆದು ಕಾರ್ಡನ್ನು ತೀರಿಸಿದರೆ, ತಿಂಗಳ ಕಂತು ಸುಮಾರು 2,400. ಕನಿಷ್ಠ ಮೊತ್ತಕ್ಕಿಂತ ನೂರು ರೂಪಾಯಿ ಕಡಮೆಯೇ ಆಯಿತು. ಸಾಲ ತೀರುವುದು 44 ತಿಂಗಳಿಗಲ್ಲ, 24 ತಿಂಗಳಿಗೆ. ಬಡ್ಡಿ 58,000 ಅಲ್ಲ, ಸುಮಾರು 7,600. ಸಾಲ ಕೊಡುವಾಗ ಬ್ಯಾಂಕು ಹಿಡಿದುಕೊಳ್ಳುವ ಶುಲ್ಕವನ್ನು ಸೇರಿಸಿದರೂ ಅಂತರ ಬಹಳ ದೊಡ್ಡದು. ಉಳಿದ ಒಂಬೈನೂರರ ಕೊರತೆಯನ್ನು ಮನೆಯವರು ಕೂಡಿ ಕುಳಿತು ಖರ್ಚಿನಲ್ಲಿ ಹುಡುಕಬೇಕು. ಅಜ್ಜಿಯ ಔಷಧದಲ್ಲಿ ಮಾತ್ರ ಹುಡುಕಬಾರದು. ಒಡವೆಯ ಮೇಲೆ ಬ್ಯಾಂಕಿನಲ್ಲಿ ಸಿಕ್ಕುವ ಸಾಲವೂ ಕಾರ್ಡಿಗಿಂತ ಎಷ್ಟೋ ಅಗ್ಗ. ಆದರೆ ಬಿಡಿಸಿಕೊಳ್ಳದಿದ್ದರೆ ಒಡವೆ ಹರಾಜಿಗೆ ಹೋಗುವುದೆಂಬುದನ್ನು ಮರೆಯಬಾರದು.

ಈ ಬದಲಾವಣೆಗೆ ಒಂದು ಮುಹೂರ್ತವಿದೆ: ಕಂತು ತಪ್ಪುವುದಕ್ಕೆ ಮೊದಲು. ಕಂತು ತಪ್ಪಿದ ಸುದ್ದಿ ಸಾಲಚರಿತ್ರೆಯ ದಾಖಲೆಯಲ್ಲಿ ಸೇರಿದ ಮೇಲೆ ಅಗ್ಗದ ಸಾಲದ ಬಾಗಿಲು ಮುಚ್ಚಿಕೊಳ್ಳುತ್ತದೆ. ತೆರೆದಿರುವುದು ಮೀಟರ್ ಬಡ್ಡಿಯವರ ಬಾಗಿಲು. ಆದುದರಿಂದ ವರಮಾನ ಕುಗ್ಗಿದ ತಿಂಗಳೇ ಬ್ಯಾಂಕಿಗೆ ಹೋಗಿ, ಬಾಕಿಯನ್ನು ಕಡಮೆ ಬಡ್ಡಿಯ ಕಂತುಗಳಾಗಿ ಮಾಡಿಕೊಡಿರೆಂದು ಬರವಣಿಗೆಯಲ್ಲಿ ಕೇಳಿರಿ. ಸಾಲಚರಿತ್ರೆಯ ದಾಖಲೆಯನ್ನು ಸಿಬಿಲ್ ಮುಂತಾದ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆದು ನೋಡಬಹುದು.

ಗಡುವು ಮುಂದೆ ಹೋದರೆ ಸಾಲ ಮನ್ನಾ ಆದಂತಲ್ಲ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 27ರಂದು, ರಿಸರ್ವ್ ಬ್ಯಾಂಕು ಮೂರು ತಿಂಗಳ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು. ಅದು ಆಗಸ್ಟ್ 31ರವರೆಗೂ ಬೆಳೆಯಿತು. ಕಾರ್ಡಿನ ಬಾಕಿಗೂ ಆ ಅವಕಾಶವಿತ್ತು. ಆದರೆ ಬಡ್ಡಿ ನಿಲ್ಲಲಿಲ್ಲ. ಕೇಂದ್ರ ಸರಕಾರ ಆಮೇಲೆ ಎರಡು ಕೋಟಿಯವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನಷ್ಟೇ ಹಿಂದಿರುಗಿಸಿತು. ಮುಂದೆ ಯಾವ ಕಾಲದಲ್ಲಿ ಇಂಥ ಸೌಲಭ್ಯ ಬಂದರೂ, ಬಡ್ಡಿ ಓಡುತ್ತದೆಯೆ ಎಂದು ಮೊದಲು ಕೇಳಿ ತಿಳಿಯಿರಿ.

ಇನ್ನು ಶುಲ್ಕಗಳ ಮಾತು. ಇವು ಇಲಿಗಳಿದ್ದಂತೆ, ಕಾಳು ಕಾಳಾಗಿ ಕಣಜವನ್ನು ಬರಿದುಮಾಡುತ್ತವೆ. ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಹಲವು ಬ್ಯಾಂಕುಗಳಲ್ಲಿ ಒಂದೊಂದು ಸಲಕ್ಕೂ ನೂರಾರು ರೂಪಾಯಿ ದಂಡ. ಸಂಬಳ ಬರುವ ದಿನದ ಮೇಲೆ ನಾಲ್ಕಾರು ದಿನಕ್ಕೆ ಕಂತನ್ನು ಗೊತ್ತುಮಾಡಿಸಿಕೊಂಡರೆ ಇದು ತಪ್ಪುತ್ತದೆ. ಎ.ಟಿ.ಎಂ.ನಲ್ಲಿ ಉಚಿತ ಸಲಗಳು ಮುಗಿದ ಮೇಲೆ ಒಂದು ಸಲಕ್ಕೆ 23 ರೂಪಾಯಿಗಳವರೆಗೆ ಹಿಡಿಯಬಹುದೆಂದು 2025ರ ಮೇ 1ರಿಂದ ನಿಯಮವಾಯಿತು. ಕನಿಷ್ಠ ಶಿಲ್ಕಿಲ್ಲದ ಖಾತೆಗೆ ದಂಡ ಹಾಕುವುದನ್ನು ಸ್ಟೇಟ್ ಬ್ಯಾಂಕು 2020ರಲ್ಲಿಯೂ ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿಯೂ ಕೈಬಿಟ್ಟವು. ಬೇರೆ ಬ್ಯಾಂಕಿನಲ್ಲಿ ದಂಡ ಬೀಳುತ್ತಿದ್ದರೆ, ಶಿಲ್ಕಿನ ಕಟ್ಟುಪಾಡಿಲ್ಲದ ‘ಮೂಲ ಉಳಿತಾಯ ಖಾತೆ’ಯನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ.

ಸಾಲಗಾರನಿಗೆ ಬೇರೆ ಹಕ್ಕುಗಳೂ ಉಂಟು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚತಕ್ಕದ್ದು, ತಪ್ಪಿದರೆ ಗ್ರಾಹಕನಿಗೆ ದಿನಕ್ಕೆ 500 ರೂಪಾಯಿ ಕೊಡತಕ್ಕದ್ದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ವಸೂಲಿಯವರು ಬೆಳಗ್ಗೆ ಎಂಟಕ್ಕೆ ಮೊದಲಾಗಲಿ ಸಂಜೆ ಏಳರ ಮೇಲಾಗಲಿ ಫೋನು ಮಾಡಕೂಡದು, ಬೆದರಿಸಕೂಡದು ಎಂಬ ಆಜ್ಞೆಯೂ ಅದೇ ವರ್ಷ ಹೊರಟಿತು. ಕಿರುಸಾಲದವರ ಕಾಟದಿಂದ ನಮ್ಮ ನಾಡಿನಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿ ಮೇಲಿಂದ ಮೇಲೆ ಬಂದಾಗ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಲಾತ್ಕಾರದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬ್ಯಾಂಕಿಗೆ ಬರೆದ ದೂರಿಗೆ ಮೂವತ್ತು ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು; ಅದಕ್ಕೆ ಖರ್ಚಿಲ್ಲ. ದುಡಿಮೆ ತಪ್ಪಿ ಕಂತು ಕಟ್ಟಲಾರದೆ ಹೋದವನು ಅಪರಾಧಿಯಲ್ಲ; ಈ ಒಂದು ಮಾತನ್ನು ಮನೆಮಂದಿಯೆಲ್ಲ ತಿಳಿದಿರಬೇಕು.

ಸಾಲಕ್ಕಿಂತ ದೊಡ್ಡ ಕೇಡು ಸಾಲವನ್ನು ಮುಚ್ಚಿಡುವುದು. ಗಂಡ ಹೆಂಡತಿಯಿಂದ, ತಂದೆ ಬೆಳೆದ ಮಕ್ಕಳಿಂದ ಬಿಲ್ಲನ್ನು ಬಚ್ಚಿಟ್ಟ ಮನೆಯಲ್ಲಿ ಒಬ್ಬರು ತಪ್ಪಿಸಿದ ಖರ್ಚನ್ನು ಇನ್ನೊಬ್ಬರು ಅರಿಯದೆ ಮಾಡುತ್ತಾರೆ. ಗುಟ್ಟನ್ನು ಕಾಯಲೆಂದೇ ಇನ್ನೊಂದು ಸಾಲ ಹುಟ್ಟುತ್ತದೆ. ತಿಂಗಳಿಗೊಮ್ಮೆ ಊಟವಾದ ಮೇಲೆ ಹಾಳೆ ಹರಡಿ ಎಲ್ಲರೂ ನೋಡಲಿ.

ಸಾಲ ತೀರಿದ ಮೇಲೂ ಆ 2,400ರ ಅಭ್ಯಾಸವನ್ನು ಬಿಡಬೇಡಿ. ಅದೇ ದಿನಕ್ಕೆ ಅದೇ ಹಣವನ್ನು ಉಳಿತಾಯಕ್ಕೆ ಕಟ್ಟಿರಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಕೂಡಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದು ಕಲಿಸಿದ ಪಾಠ ಮಾತ್ರ ಉಳಿದಿದೆ. ಸಣ್ಣ ಹಣ ದಿನದಿನವೂ ಬೆಳೆಯುತ್ತದೆ, ನಮ್ಮ ಕಡೆಗೋ ಪರರ ಕಡೆಗೋ. ಮೂರು ತಿಂಗಳ ಖರ್ಚಿನಷ್ಟು ಗಂಟು ಮನೆಯಲ್ಲಿದ್ದರೆ ಮುಂದಿನ ಕಷ್ಟಕಾಲದಲ್ಲಿ ಆ ಕಾರ್ಡು ಪೆಟ್ಟಿಗೆಯಲ್ಲಿಯೇ ಇರಬಹುದು.